ಬೆಳ್ಳಿಯ ದಾಳಿಂಬೆ ಯಾರದು?

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಎಂಬ ಕಡಲತಡಿಯ ಊರಿನಲ್ಲಿ ಜೆಶುವತ್ ಇಸ್ರೇಲ್ ಎಂಬ ಯೆಹೂದಿ ಸಭೆಯೊಂದಿದೆ. ಸದಸ್ಯರು ಹೆಚ್ಚಿಲ್ಲ, ಬೊಕ್ಕಸದಲ್ಲಿ ದುಡ್ಡೂ ಹೆಚ್ಚಿಲ್ಲ. 2012ರಲ್ಲಿ ಈ ಸಭೆಯವರು ತಮ್ಮಲ್ಲಿದ್ದ ಒಂದು ಜೊತೆ ಹಳೆಯ ಬೆಳ್ಳಿ ಸಾಮಾನನ್ನು ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ಗೆ ಮಾರಲು ಒಪ್ಪಿಕೊಂಡರು. ಬೆಲೆ 74 ಲಕ್ಷ ಡಾಲರ್. ಒಂದೊಂದೂ ಒಂದಡಿಗಿಂತ ತುಸು ಎತ್ತರ, ಒಂದು ಕೈಯಲ್ಲಿ ಎತ್ತಬಹುದಾದಷ್ಟೇ ಭಾರ. ತೂಕಕ್ಕೆ ಹಾಕಿದರೆ ಬೆಳ್ಳಿಯ ಬೆಲೆ ಆ ಮೊತ್ತದ ಸಾವಿರದಲ್ಲೊಂದು ಪಾಲೂ ಆಗುವುದಿಲ್ಲ. ಮಾರಾಟ ಮಾತ್ರ ನಡೆಯಲಿಲ್ಲ. ‘ಅದು ನಿಮ್ಮದಲ್ಲ, ನಮ್ಮದು’ ಎಂದು ನ್ಯೂಯಾರ್ಕಿನ ಶೆಯರಿತ್ ಇಸ್ರೇಲ್ ಸಭೆ ಅಡ್ಡ ಬಂತು. ವ್ಯಾಜ್ಯ ಕೋರ್ಟು ಹತ್ತಿ, ದೇಶದ ಸುಪ್ರೀಂ ಕೋರ್ಟಿನ ಬಾಗಿಲನ್ನೂ ತಟ್ಟಿ ಮುಗಿಯುವ ಹೊತ್ತಿಗೆ 2019 ಬಂದಿತ್ತು.

ಆ ಸಾಮಾನಿಗೆ ಹೀಬ್ರೂ ಭಾಷೆಯಲ್ಲಿ ರಿಮೋನಿಮ್ ಎನ್ನುತ್ತಾರೆ. ಹಾಗೆಂದರೆ ದಾಳಿಂಬೆಗಳು.

ಸಿನಗಾಗ್ ಒಳಗೆ ವಿಗ್ರಹವಿರುವುದಿಲ್ಲ. ಅಲ್ಲಿರುವ ಅತ್ಯಂತ ಪವಿತ್ರ ವಸ್ತು ತೋರಾ. ಚರ್ಮದ ಹಾಳೆಗಳನ್ನು ಹೊಲಿದು ಕೂಡಿಸಿ, ಅದರ ಮೇಲೆ ಲಿಪಿಕಾರ ಕೈಯಿಂದಲೇ ಬರೆದು, ಎರಡು ಮರದ ಕೋಲುಗಳಿಗೆ ಎರಡೂ ಕಡೆಯಿಂದ ಸುತ್ತಿದ ಸುರುಳಿ ಅದು. ಅದನ್ನು ಗೋಡೆಯ ಗೂಡಿನಿಂದ ಹೊರಗೆ ತಂದು, ಸಭೆಯ ನಡುವೆ ಹೊತ್ತು, ಓದುವ ಮೇಜಿನ ಮೇಲಿಡುತ್ತಾರೆ. ಹೊರುವಾಗ ಅದಕ್ಕೆ ರೇಷ್ಮೆ ಅಥವಾ ಮಖಮಲ್ಲಿನ ಉಡುಗೆ ಉಂಟು. ಕೆಲವೆಡೆ ಎದೆಯ ಮೇಲೆ ಬೆಳ್ಳಿಯ ಫಲಕ, ನೆತ್ತಿಗೆ ಕಿರೀಟ. ಕಿರೀಟವಿಲ್ಲದಿದ್ದರೆ, ಮೇಲೆ ಚಾಚಿರುವ ಎರಡು ಕೋಲುಗಳ ತುದಿಗೆ ಒಂದೊಂದು ರಿಮೋನ್. ಉತ್ಸವಮೂರ್ತಿಯ ಅಲಂಕಾರ ನೋಡಿ ಬೆಳೆದ ನಮಗೆ ಇದು ಥಟ್ಟನೆ ಅರ್ಥವಾಗುತ್ತದೆ. ವಿಗ್ರಹವನ್ನು ಅಷ್ಟು ಕಟುವಾಗಿ ನಿರಾಕರಿಸಿದ ಧರ್ಮ ಒಂದು ಗ್ರಂಥಕ್ಕೆ ಉಡಿಸಿ, ತೊಡಿಸಿ, ಮೆರವಣಿಗೆ ಮಾಡುತ್ತದೆಂಬುದು ಮಾತ್ರ ಮೊದಲ ಸಲ ನೋಡುವವರಿಗೆ ಸೋಜಿಗ. ಓದುವಾಗ ಅಕ್ಷರಕ್ಕೆ ಬೆರಳು ತಾಕಿಸುವಂತಿಲ್ಲ. ಅದಕ್ಕಾಗಿ ತುದಿಯಲ್ಲಿ ಪುಟ್ಟ ಕೈಯೊಂದು ತೋರುಬೆರಳು ಚಾಚಿರುವ ಬೆಳ್ಳಿಯ ಕಡ್ಡಿ ಇರುತ್ತದೆ. ಅದರ ಹೆಸರೂ ಯಾದ್, ಅಂದರೆ ಕೈ.

ರಿಮೋನ್‌ಗಳಿಗೆ ಸಣ್ಣ ಸಣ್ಣ ಗಂಟೆಗಳನ್ನು ತೂಗುಬಿಟ್ಟಿರುತ್ತಾರೆ. ತೋರಾ ಹೊರಟಾಗ ಗೆಜ್ಜೆಯ ಸದ್ದು, ಎಲ್ಲರೂ ಎದ್ದು ನಿಲ್ಲುತ್ತಾರೆ. ಜೆರುಸಲೇಮಿನ ಮಹಾಪುರೋಹಿತನ ನಿಲುವಂಗಿಯ ಅಂಚಿಗೆ ಬಣ್ಣದ ನೂಲಿನ ದಾಳಿಂಬೆಗಳನ್ನೂ ಅವುಗಳ ನಡುವೆ ಚಿನ್ನದ ಗಂಟೆಗಳನ್ನೂ ಕಟ್ಟಬೇಕೆಂದು ಬೈಬಲ್ಲಿನ ವಿಮೋಚನಕಾಂಡ ಹೇಳುತ್ತದೆ. ದೇವಾಲಯ ಹೋಯಿತು, ಪುರೋಹಿತನೂ ಹೋದ. ದಾಳಿಂಬೆ ಮತ್ತು ಗಂಟೆ ಮಾತ್ರ ಗ್ರಂಥದ ನೆತ್ತಿಗೇರಿ ಉಳಿದುಕೊಂಡವು. ಆಕಾರ ಊರಿಂದೂರಿಗೆ ಬೇರೆ. ಪೂರ್ವದೇಶಗಳಲ್ಲಿ ಹಣ್ಣಿನ ದುಂಡು ಉಳಿಯಿತು; ಯೂರೋಪಿನಲ್ಲಿ ಅದು ಗೋಪುರವಾಗಿ, ಎಷ್ಟೋ ಕಡೆ ಆಯಾ ಊರಿನ ಚರ್ಚಿನ ಗೋಪುರದ ಹೋಲಿಕೆಯನ್ನೇ ತಳೆಯಿತು. ನಮ್ಮ ಕೊಚ್ಚಿಯ ಯೆಹೂದಿಗಳು ತೋರಾಕ್ಕೆ ಬಟ್ಟೆ ಉಡಿಸದೆ, ಲೋಹ ಹೊದಿಸಿದ ಮರದ ಭರಣಿಯಂಥ ಪೆಟ್ಟಿಗೆಯಲ್ಲಿ ನಿಲ್ಲಿಸಿ ಇಡುತ್ತಿದ್ದರು. ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಕಂಡವರಿಗೆ ಅದರ ಹಿಂದಿನ ಭಾವ ಅಪರಿಚಿತವೆನಿಸದು.

ಯೂರೋಪಿನ ಹಳೆಯ ಯೆಹೂದಿ ಬೆಳ್ಳಿ ಸಾಮಾನಿನಲ್ಲಿ ಬಹುಪಾಲು ಮಾಡಿದವರು ಕ್ರೈಸ್ತ ಅಕ್ಕಸಾಲಿಗರು. ಅಲ್ಲಿನ ಕಸುಬುದಾರರ ಸಂಘಗಳು ಯೆಹೂದಿಗಳನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಸಂಘದ ಹೊರಗಿದ್ದವನು ಅಂಗಡಿ ಇಡುವಂತಿರಲಿಲ್ಲ. ಹೀಬ್ರೂ ಅಕ್ಷರ ತಿಳಿಯದ ಕೈಗಳು ಮಾದರಿ ನೋಡಿಕೊಂಡು ಕೆತ್ತಿದವು. ಅಮೆರಿಕದ ವಸಾಹತುಗಳಲ್ಲಿ ಅಂಥ ಬಿಗಿ ಕಟ್ಟು ಇರಲಿಲ್ಲ. ಹೀಗಾಗಿಯೇ ಮಯರ್ ಮಯರ್ಸ್ ಎಂಬವನೊಬ್ಬ ಇಲ್ಲಿ ಸಾಧ್ಯವಾದ.

ಮಯರ್ಸ್ ಹುಟ್ಟಿದ್ದು 1723ರಲ್ಲಿ, ನ್ಯೂಯಾರ್ಕಿನಲ್ಲಿ. ಹಾಲೆಂಡಿನಿಂದ ಬಂದವರ ಮಗ. ಕೆಲಸ ಕಲಿತು, 1746ರಲ್ಲಿ ಊರಿನ ದಫ್ತರದಲ್ಲಿ ಸ್ವತಂತ್ರ ಅಕ್ಕಸಾಲಿಗನಾಗಿ ಹೆಸರು ಬರೆಸಿದ. ಸಿರಿವಂತರ ಮನೆಗಳಿಗೆ ಕಾಫಿ ಪಾತ್ರೆ, ತಟ್ಟೆ, ದೀಪದ ಕಂಬ ಮಾಡಿಕೊಟ್ಟ. ಕ್ರೈಸ್ತರ ಚರ್ಚಿಗೂ ಬೆಳ್ಳಿ ಕೆಲಸ ಮಾಡಿದ. ಯೂರೋಪಿನ ರೂಢಿ ಇಲ್ಲಿ ತಿರುಗುಮುರುಗಾದದ್ದನ್ನು ನೋಡಿ. ಶೆಯರಿತ್ ಇಸ್ರೇಲ್ ಸಭೆಗೆ ಎರಡು ಸಲ ಅಧ್ಯಕ್ಷನಾದ. ಸ್ವಾತಂತ್ರ್ಯ ಯುದ್ಧ ಬಂದು ಬ್ರಿಟಿಷರು ನ್ಯೂಯಾರ್ಕ್ ಹಿಡಿದಾಗ ಹೆಂಡತಿ ಮಕ್ಕಳೊಂದಿಗೆ ಕನೆಕ್ಟಿಕಟ್‌ನ ನಾರ್ವಾಕ್‌ಗೆ ಓಡಿಹೋದ. 1779ರಲ್ಲಿ ಬ್ರಿಟಿಷರು ಆ ಊರಿಗೂ ಬೆಂಕಿಯಿಟ್ಟರು. ಮನೆಯ ಜೊತೆಗೆ ಕಸುಬಿನ ಉಪಕರಣಗಳೂ ಹೋದವು. ಅಕ್ಕಸಾಲಿಗನಿಗೆ ಅದಕ್ಕಿಂತ ದೊಡ್ಡ ನಷ್ಟ ಯಾವುದಿದ್ದೀತು? ಯುದ್ಧ ಮುಗಿದ ಮೇಲೆ ಊರಿಗೆ ಮರಳಿ ಮತ್ತೆ ಅಂಗಡಿ ತೆರೆದ. 1786ರಲ್ಲಿ ನಗರದ ಚಿನ್ನ ಬೆಳ್ಳಿ ಕೆಲಸಗಾರರ ಸಂಘ ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿಕೊಂಡಿತು. ತೀರಿಕೊಂಡದ್ದು 1795ರಲ್ಲಿ.

ಅವನು ಮಾಡಿದ ರಿಮೋನಿಮ್ ಕೆಲವೇ ಜೊತೆ ಉಳಿದಿವೆ. ಎಲ್ಲವೂ ನ್ಯೂಯಾರ್ಕ್, ಫಿಲಡೆಲ್ಫಿಯಾ, ನ್ಯೂಪೋರ್ಟ್ ಈ ಮೂರು ಊರಿನ ಹಳೆಯ ಸಭೆಗಳಿಗೆ ಸಂಬಂಧಿಸಿದವು. ಉಬ್ಬಿದ ಗುಂಡು, ಅದರಲ್ಲಿ ಜಾಲಂಧ್ರದಂತೆ ಕೊರೆದ ಹೂಬಳ್ಳಿ, ಸುತ್ತಲೂ ಗಂಟೆ. ನ್ಯೂಪೋರ್ಟಿನವರು ಮಾರಹೊರಟದ್ದು ಅಂಥ ಒಂದು ಜೊತೆಯನ್ನು. ಅಮೆರಿಕ ದೇಶವಾಗಿ ಹುಟ್ಟುವ ಮೊದಲು, ಅಮೆರಿಕದಲ್ಲಿ ಹುಟ್ಟಿದ ಯೆಹೂದಿಯೊಬ್ಬ, ಅಮೆರಿಕದ ಸಿನಗಾಗ್‌ಗಾಗಿ ಮಾಡಿದ್ದು ಎಂಬುದೇ 74 ಲಕ್ಷದ ಗುಟ್ಟು.

ಇನ್ನು ನ್ಯೂಪೋರ್ಟಿನ ಕತೆ. ಬಾಸ್ಟನ್ ಕಡೆ ಇರುವ ನಮ್ಮಂಥವರಿಗೆ ಅದು ಒಂದೂವರೆ ಗಂಟೆಯ ದಾರಿ. ಊರಿಂದ ಬಂದ ಅಪ್ಪ ಅಮ್ಮಂದಿರನ್ನು ಕೋಟ್ಯಧೀಶರ ಹಳೆಯ ಬಂಗಲೆ ತೋರಿಸಲು ಕರೆದೊಯ್ಯುವ ಜಾಗ. ಅದೇ ಊರಿನ ಟೂರೋ ಬೀದಿಯಲ್ಲಿ, ರಸ್ತೆಗೆ ಓರೆಯಾಗಿ ನಿಂತ ಸಣ್ಣ ಕಟ್ಟಡವಿದೆ. ಓರೆ ಏಕೆಂದರೆ ಒಳಗಿನ ತೋರಾದ ಗೂಡು ಪೂರ್ವಕ್ಕೆ, ಜೆರುಸಲೇಮಿನ ದಿಕ್ಕಿಗೆ ಇರಬೇಕು. ಅದು ಟೂರೋ ಸಿನಗಾಗ್. ಅಮೆರಿಕದಲ್ಲಿ ಇಂದಿಗೂ ನಿಂತಿರುವ ಸಿನಗಾಗ್‌ಗಳಲ್ಲಿ ಅತ್ಯಂತ ಹಳೆಯದು. ಪ್ರತಿಷ್ಠೆಯಾದದ್ದು 1763ರ ಡಿಸೆಂಬರ್ 2ರಂದು. ನಕ್ಷೆ ಮಾಡಿದವನು ಪೀಟರ್ ಹ್ಯಾರಿಸನ್. ಕಟ್ಟಲು ಹಣ ಸಾಲದಾದಾಗ ನೆರವಿಗೆ ಬಂದವರಲ್ಲಿ ನ್ಯೂಯಾರ್ಕಿನ ಶೆಯರಿತ್ ಇಸ್ರೇಲ್ ಸಭೆಯೂ ಒಂದು. ಎರಡೂ ಕಡೆಯವರು ಸ್ಪೇನ್ ಪೋರ್ಚುಗಲ್ಲುಗಳಿಂದ ಓಡಿಸಲ್ಪಟ್ಟ ಸೆಫಾರ್ದಿ ಯೆಹೂದಿಗಳ ಸಂಪ್ರದಾಯದವರು, ನೆಂಟರು, ವ್ಯಾಪಾರದ ಪಾಲುದಾರರು. ಆ ಕಾಲದ ನ್ಯೂಪೋರ್ಟಿನ ಸಂಪತ್ತು ಹಡಗಿನಿಂದ ಬಂದದ್ದು: ತಿಮಿಂಗಿಲದ ಕೊಬ್ಬಿನ ಮೇಣದಬತ್ತಿ, ಸಕ್ಕರೆ ಪಾಕ, ರಮ್ಮು, ಜೊತೆಗೆ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಸಿನಗಾಗ್‌ನ ದೊಡ್ಡ ದಾನಿ ಆರನ್ ಲೋಪೆಜ್‌ನ ಹಡಗುಗಳೂ ಆ ವ್ಯಾಪಾರದಲ್ಲಿದ್ದವು. ಬೆಳ್ಳಿಯ ಹೊಳಪನ್ನು ಹೊಗಳುವಾಗ ಇದನ್ನು ಬಿಟ್ಟು ಹೇಳುವುದು ನನಗೆ ಸರಿ ಕಾಣುವುದಿಲ್ಲ.

1776ರ ಕೊನೆಗೆ ಬ್ರಿಟಿಷ್ ಸೈನ್ಯ ನ್ಯೂಪೋರ್ಟಿಗೆ ಬಂದು ಮೂರು ವರ್ಷ ಕೂತಿತು. ವ್ಯಾಪಾರ ಮುರಿಯಿತು, ಜನ ಚದುರಿದರು. ಯುದ್ಧ ಮುಗಿದ ಮೇಲೆ ಕೆಲವರು ಮರಳಿದರು. 1790ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಊರಿಗೆ ಬಂದಾಗ ಸಭೆಯ ಪರವಾಗಿ ಮೋಸೆಸ್ ಸೇಶಸ್ ಭಿನ್ನವತ್ತಳೆ ಅರ್ಪಿಸಿದ. ಅದಕ್ಕೆ ವಾಷಿಂಗ್ಟನ್ ಬರೆದ ಉತ್ತರ, ಧರ್ಮದ ಹೆಸರಿನ ದ್ವೇಷಕ್ಕೆ ಈ ಸರ್ಕಾರದ ಬೆಂಬಲವಿಲ್ಲ ಎಂದು ಸಾರಿದ್ದು, ಅಮೆರಿಕದ ಶಾಲೆಗಳಲ್ಲಿ ಇಂದಿಗೂ ಓದಿಸುವ ಪತ್ರ. ಆದರೆ ಪತ್ರ ಬಂದಾಗಲೇ ಊರು ಇಳಿಮುಖವಾಗಿತ್ತು. ಒಬ್ಬೊಬ್ಬರಾಗಿ ನ್ಯೂಯಾರ್ಕಿನತ್ತ ಹೊರಟರು. 1822ರಲ್ಲಿ ಕೊನೆಯವನಾದ ಮೋಸೆಸ್ ಲೋಪೆಜ್ ಊರು ಬಿಟ್ಟ. ಕಟ್ಟಡ ನಿಂತಿತು, ಸ್ಮಶಾನ ನಿಂತಿತು. ತೋರಾಗಳು ನ್ಯೂಯಾರ್ಕಿನ ಸಭೆಯ ವಶಕ್ಕೆ ಹೋದವು. ಕಟ್ಟಡವನ್ನು ನೋಡಿಕೊಂಡವರಲ್ಲಿ ಯೆಹೂದಿಯೇ ಅಲ್ಲದ, ಕ್ವೇಕರ್ ಪಂಥದ ಸ್ಟೀಫನ್ ಗೌಲ್ಡ್ ಇದ್ದ. ಇಲ್ಲಿ ಪೂಜೆ ನಡೆಸುತ್ತಿದ್ದ ಐಸಾಕ್ ಟೂರೋನ ಮಕ್ಕಳಾದ ಏಬ್ರಹಾಮ್ ಮತ್ತು ಜೂಡಾ ಬೇರೆ ಊರುಗಳಲ್ಲಿ ಹಣವಂತರಾಗಿ, ಬಾಲ್ಯದ ಊರಿನ ಈ ಕಟ್ಟಡದ ಹೆಸರಿಗೆ ಉಯಿಲಿನಲ್ಲಿ ದುಡ್ಡು ಬಿಟ್ಟು ಸತ್ತರು. ಹಾಗಾಗಿ ಪ್ರಾರ್ಥಿಸುವವರೇ ಇಲ್ಲದ ಸಿನಗಾಗ್‌ಗೆ ದುರಸ್ತಿಯ ಕೊರತೆ ಇರಲಿಲ್ಲ. ಹಳ್ಳಿ ಬಿಟ್ಟವರು ಬೆಂಗಳೂರಿನಿಂದಲೋ ಕ್ಯಾಲಿಫೋರ್ನಿಯಾದಿಂದಲೋ ದುಡ್ಡು ಕಳಿಸಿ ಹಳ್ಳಿಯ ಗುಡಿಗೆ ಗ್ರಾನೈಟ್ ಹಾಸಿಸುವುದನ್ನು ನೋಡಿದ್ದೇವಲ್ಲ, ಹೆಚ್ಚುಕಡಿಮೆ ಹಾಗೆ.

ಊರು ಬಿಟ್ಟವರು ಬೆಳ್ಳಿಯ ಬಗ್ಗೆ ಏನಾದರೂ ಸ್ಪಷ್ಟವಾಗಿ ಬರೆದಿಟ್ಟು ಹೋಗಿದ್ದರೆ ಮುಂದಿನ ಜಗಳವೇ ಇರುತ್ತಿರಲಿಲ್ಲ. ನೆಂಟರ ಮನೆಯಲ್ಲಿ ಪಾತ್ರೆ ಇಟ್ಟು ಹೋಗುವವರು ಪತ್ರ ಬರೆಸಿಕೊಳ್ಳುತ್ತಾರೆಯೇ?

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೇರೆಯೇ ಯೆಹೂದಿಗಳು ನ್ಯೂಪೋರ್ಟಿಗೆ ಬಂದರು. ಪೂರ್ವ ಯೂರೋಪಿನವರು, ಯಿದ್ದಿಷ್ ಮಾತಾಡುವವರು, ಬಡವರು, ಪೂಜಾಪದ್ಧತಿಯೂ ಬೇರೆ. 1883ರಲ್ಲಿ ಬಾಗಿಲು ಮತ್ತೆ ತೆರೆಯಿತು. ಹೊಸಬರು ಹಳೆಯ ಹೆಸರನ್ನೇ ಇಟ್ಟುಕೊಂಡು ಜೆಶುವತ್ ಇಸ್ರೇಲ್ ಎಂಬ ಸಭೆ ಕಟ್ಟಿದರು. ಕಟ್ಟಡ ನಮ್ಮ ಸುಪರ್ದಿನದು ಎಂದು ನ್ಯೂಯಾರ್ಕಿನವರು, ಪ್ರಾರ್ಥಿಸುವವರು ನಾವು ಎಂದು ಇವರು. ಕಟ್ಟಡದೊಳಗೆ ಹೊಕ್ಕು ಕೂರುವವರೆಗೂ ಹೋದ ಜಗಳ 1903ರಲ್ಲಿ ರಾಜಿಯಾಯಿತು. ಕಟ್ಟಡವನ್ನೂ ಅದರ ಪೂಜಾ ಪರಿಕರಗಳನ್ನೂ ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ ಶೆಯರಿತ್ ಇಸ್ರೇಲ್ ಕೊಡುವುದು, ಪೂಜೆ ಸೆಫಾರ್ದಿ ಕ್ರಮದಲ್ಲೇ ನಡೆಯತಕ್ಕದ್ದು ಎಂದು ಬರೆದರು. 1908ರಲ್ಲಿ ಬಾಡಿಗೆ ಪತ್ರ ನವೀಕರಣವಾಯಿತು. ಆ ಎರಡು ಕಾಗದಗಳಲ್ಲಿ ‘ಪರಿಕರ’ ಎಂಬ ಮಾತು ಬಿದ್ದದ್ದನ್ನು ನೂರು ವರ್ಷ ಯಾರೂ ನೆನಪಿಸಿಕೊಳ್ಳಲಿಲ್ಲ. ರಿಮೋನಿಮ್ ನ್ಯೂಪೋರ್ಟಿನಲ್ಲೇ ಇದ್ದವು, ಅವರೇ ಒರೆಸಿ ಹೊಳಪಿಟ್ಟು ಬಳಸಿದರು, ಪ್ರದರ್ಶನಗಳಿಗೆ ಎರವಲು ಕೊಟ್ಟರು.

ಮಾರಲು ಹೊರಟದ್ದು ಲೋಭದಿಂದಲ್ಲ ಎಂಬುದನ್ನು ಹೇಳಬೇಕು. ಸಭೆ ಬಡವಾಗಿತ್ತು, ಆ ಹಣವನ್ನು ಇಡುಗಂಟಾಗಿಟ್ಟು ಬಡ್ಡಿಯಲ್ಲಿ ರಬ್ಬಿಯ ಸಂಬಳ, ಸಿನಗಾಗ್‌ನ ಖರ್ಚು ತೂಗಿಸುವ ಯೋಚನೆ. ಅದು ಧರ್ಮಸಮ್ಮತವೇ? ಯೆಹೂದಿ ಧರ್ಮಶಾಸ್ತ್ರದಲ್ಲಿ ಈ ಪ್ರಶ್ನೆಗೆ ಸುಮಾರು ಸಾವಿರದ ಎಂಟುನೂರು ವರ್ಷಗಳ ಚರ್ಚೆಯಿದೆ. ಮಿಶ್ನಾ ಎಂಬ ಸ್ಮೃತಿಗ್ರಂಥದ ಪ್ರಕಾರ ಊರ ಚೌಕ ಮಾರಿದರೆ ಆ ಹಣದಲ್ಲಿ ಸಿನಗಾಗ್ ಕೊಳ್ಳಬಹುದು. ಸಿನಗಾಗ್ ಮಾರಿ ತೋರಾ ಇಡುವ ಪೆಟ್ಟಿಗೆ, ಪೆಟ್ಟಿಗೆ ಮಾರಿ ತೋರಾದ ವಸ್ತ್ರ, ವಸ್ತ್ರ ಮಾರಿ ಬೇರೆ ಪವಿತ್ರಗ್ರಂಥ, ಅದನ್ನು ಮಾರಿ ತೋರಾ. ಮೆಟ್ಟಿಲು ಹತ್ತಬಹುದು, ಇಳಿಯುವಂತಿಲ್ಲ. ಹಾಗೆ ನೋಡಿದರೆ ತೋರಾದ ಆಭರಣ ಮಾರಿ ಸಂಬಳ ಕೊಡುವುದು ಕೆಳಗಿಳಿದಂತೆ. ಆದರೆ ತಾಲ್ಮುದ್ ಒಂದು ಕಿಂಡಿಯನ್ನೂ ಬಿಟ್ಟಿದೆ. ಊರಿನ ಏಳು ಮಂದಿ ಪ್ರಮುಖರು, ಊರವರೆಲ್ಲರ ಸಮ್ಮುಖದಲ್ಲಿ ಮಾರಿದ್ದಾದರೆ ಆ ಹಣದಲ್ಲಿ ಬಿಯರ್ ಕುಡಿದರೂ ತಪ್ಪಿಲ್ಲವಂತೆ! ಅದರ ಬೆನ್ನಿಗೇ ಇನ್ನೊಂದು ತಡೆ: ಇದು ಹಳ್ಳಿಯ ಸಿನಗಾಗ್‌ಗೆ ಸರಿ, ಎಲ್ಲೆಲ್ಲಿಂದಲೋ ಜನ ಬಂದು ಹೋಗುವ ದೊಡ್ಡ ಊರಿನದಕ್ಕೆ ಅಲ್ಲ, ಅದು ಬಹುಜನರದ್ದು, ಅಲ್ಲಿ ಇರುವಷ್ಟು ಜನ ಒಪ್ಪಿದರೂ ಸಾಲದು.

ನನಗೆ ಈ ಚರ್ಚೆ ಕೋರ್ಟಿನ ತೀರ್ಪುಗಳಿಗಿಂತ ಹರಿತವಾಗಿ ಕಾಣುತ್ತದೆ. ಏಕೆಂದರೆ ಅದು ‘ಊರವರು ಯಾರು’ ಎಂಬಲ್ಲಿಗೆ ನೇರವಾಗಿ ಬರುತ್ತದೆ. ನ್ಯೂಪೋರ್ಟಿನ ಊರವರೆಂದರೆ 1822ರಲ್ಲಿ ಊರು ಬಿಟ್ಟವರ ನೆಂಟರೋ, ಅರವತ್ತು ವರ್ಷದ ನಂತರ ಬಂದು ದೀಪ ಹಚ್ಚಿದ ಅಪರಿಚಿತರೋ?

ನಮ್ಮಲ್ಲಿ ಈ ತೊಡಕಿಗೆ ಬೇರೆಯೇ ಒಂದು ದಾರಿಯುಂಟು. ಭಾರತದ ಕಾನೂನಿನ ಪ್ರಕಾರ ಪ್ರತಿಷ್ಠಾಪಿತ ದೇವರೇ ಒಬ್ಬ ವ್ಯಕ್ತಿ, ಒಡವೆಗಳು ದೇವರವು. ಧರ್ಮದರ್ಶಿಗಳು ಕೇವಲ ಪಾರುಪತ್ಯಗಾರರು. ಊರಿಗೆ ಊರೇ ಗುಳೆ ಹೋದರೂ ಒಡೆಯ ಗರ್ಭಗುಡಿಯಲ್ಲಿಯೇ ಇರುತ್ತಾನೆ. ಯೆಹೂದಿಗಳಿಗೆ ಆ ಅನುಕೂಲವಿಲ್ಲ. ಹಾಗೆ ನೋಡಿದರೆ ಅಮೆರಿಕಕ್ಕೆ ಬಂದ ನಮ್ಮ ದೇವರುಗಳಿಗೂ ಇಲ್ಲ. ಇಲ್ಲಿನ ನಮ್ಮ ದೇವಸ್ಥಾನಗಳು ಲಾಭರಹಿತ ಸಂಸ್ಥೆಗಳಾಗಿ ನೋಂದಾಯಿತವಾದವು. ಊರಿನ ಅಕ್ಕಸಾಲಿಗರಿಂದ ಮಾಡಿಸಿ ತಂದ ಬೆಳ್ಳಿ ಕವಚ, ಪ್ರಭಾವಳಿ, ಆರತಿ ತಟ್ಟೆ ಎಲ್ಲವೂ ಆ ಸಂಸ್ಥೆಯ ಆಸ್ತಿಪಟ್ಟಿಯ ಸಾಲುಗಳು. ಕಮಿಟಿಯ ಸಭೆಗಳಲ್ಲಿ ಕೂತು ಆ ಪಟ್ಟಿ ನೋಡಿದ್ದೇನೆ. ‘ಇಂಥವರ ತಾಯಿಯ ನೆನಪಿಗೆ’ ಎಂಬ ಷರಾ ಇರುತ್ತದೆ, ತೂಕ ಇರುತ್ತದೆ. ಮುಂದೊಂದು ದಿನ ನಮ್ಮ ಮಕ್ಕಳೆಲ್ಲ ಟೆಕ್ಸಸ್ಸಿಗೋ ಸಿಯಾಟಲ್ಲಿಗೋ ಹೋಗಿ, ಇಲ್ಲಿಗೆ ಬೇರೆ ಭಾಷೆಯ ಬೇರೆ ಪದ್ಧತಿಯ ಭಕ್ತರು ಬಂದರೆ ಏನೆಂಬ ಷರಾ ಎಲ್ಲೂ ಇಲ್ಲ.

ಕೋರ್ಟಿನ ವಿಷಯಕ್ಕೆ ಬರುತ್ತೇನೆ. 2016ರಲ್ಲಿ ಪ್ರಾವಿಡೆನ್ಸಿನ ಫೆಡರಲ್ ನ್ಯಾಯಾಧೀಶ ಜಾನ್ ಮೆಕಾನೆಲ್ ಇನ್ನೂರೈವತ್ತು ವರ್ಷದ ಚರಿತ್ರೆಯನ್ನೆಲ್ಲ ಕೆದಕಿ ನೂರಕ್ಕೂ ಹೆಚ್ಚು ಪುಟದ ತೀರ್ಪು ಬರೆದರು. ರಿಮೋನಿಮ್ ನ್ಯೂಪೋರ್ಟಿನವರದು, ಕಟ್ಟಡ ನ್ಯೂಪೋರ್ಟಿನ ಯೆಹೂದಿಗಳ ಪ್ರಾರ್ಥನೆಗೆಂದು ಮೀಸಲಾದ ದತ್ತಿ, ಶೆಯರಿತ್ ಇಸ್ರೇಲ್ ಅದರ ಧರ್ಮದರ್ಶಿ ಮಾತ್ರ, ಆ ಸ್ಥಾನಕ್ಕೂ ಇನ್ನು ತಕ್ಕುದಲ್ಲ ಎಂದರು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನು ಪೂರ್ತಿ ತಿರುಗಿಸಿತು. ಆ ತೀರ್ಪು ಬರೆದವರು ಸುಪ್ರೀಂ ಕೋರ್ಟಿನಿಂದ ನಿವೃತ್ತರಾಗಿದ್ದ ಡೇವಿಡ್ ಸೌಟರ್. ಧಾರ್ಮಿಕ ಸಂಸ್ಥೆಗಳ ಜಗಳದಲ್ಲಿ ಕೋರ್ಟು ಧರ್ಮದ ಒಳಗೆ ಇಣುಕಬಾರದು. ಕರಾರುಪತ್ರ, ಬಾಡಿಗೆ ಪತ್ರಗಳಂಥ ಲೌಕಿಕ ದಾಖಲೆಗಳು ಇದ್ದರೆ ಅವೇ ಪ್ರಮಾಣ ಎಂಬುದು ಅವರ ವಾದ. ದಾಖಲೆ ಯಾವುದಿತ್ತು? ವರ್ಷಕ್ಕೊಂದು ಡಾಲರಿನ ಆ ಹಳೆಯ ಕಾಗದಗಳು. ಕಟ್ಟಡವೂ ಬೆಳ್ಳಿಯೂ ನ್ಯೂಯಾರ್ಕಿನವರದೆಂದು ತೀರ್ಮಾನವಾಯಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅಹವಾಲು ಕೇಳಲು ಒಪ್ಪಲಿಲ್ಲ. ಮ್ಯೂಸಿಯಮ್ಮಿನವರು ಅದಕ್ಕೆ ಎಷ್ಟೋ ಮೊದಲೇ ವ್ಯಾಪಾರದಿಂದ ಹಿಂದೆ ಸರಿದಿದ್ದರು.

ಸೌಟರ್ ಅವರ ತರ್ಕ ಕಾನೂನಾಗಿ ಸರಿಯೆಂದೇ ನನ್ನ ಎಣಿಕೆ. ಯಾರ ಭಕ್ತಿ ಹೆಚ್ಚು ನಿಜವಾದದ್ದೆಂದು ನ್ಯಾಯಾಧೀಶರು ಅಳೆಯುವ ದೇಶದಲ್ಲಿ ಅಲ್ಪಸಂಖ್ಯಾತರಾಗಿ ಬದುಕಲು ನನಗಂತೂ ಇಷ್ಟವಿಲ್ಲ. ಆದರೂ, ದುಡ್ಡಿಲ್ಲದ, ಇಂಗ್ಲಿಷ್ ಅಷ್ಟಾಗಿ ಬಾರದ ವಲಸಿಗರು ಪ್ರಾರ್ಥಿಸಲು ಬಾಗಿಲು ತೆರೆದರೆ ಸಾಕೆಂದು 1903ರಲ್ಲಿ ಹಾಕಿದ ರುಜು ನೂರು ವರ್ಷದ ಬಳಕೆಯನ್ನು ಒರೆಸಿಹಾಕಿತಲ್ಲ ಎಂಬ ಕಸಿವಿಸಿ ಹೋಗುವುದಿಲ್ಲ.

ನ್ಯೂಯಾರ್ಕಿನಲ್ಲೇ ಇನ್ನೊಂದು ರಾಶಿ ಬೆಳ್ಳಿಯಿದೆ. ಅದರ ಕಾಗದದಲ್ಲಿ ಯಾವ ಗೊಂದಲವೂ ಇಲ್ಲ. ಬಾಲ್ಟಿಕ್ ಕಡಲಿನ ಡ್ಯಾನ್ಜಿಗ್ ಎರಡು ಮಹಾಯುದ್ಧಗಳ ನಡುವೆ ಜರ್ಮನಿಗೂ ಪೋಲೆಂಡಿಗೂ ಸೇರದ ಸ್ವತಂತ್ರ ನಗರವಾಗಿತ್ತು. ಜನ ಹೆಚ್ಚಾಗಿ ಜರ್ಮನರು, ಆಡಳಿತ 1933ರಿಂದ ನಾಜಿಗಳ ಕೈಯಲ್ಲಿ. ಅಲ್ಲಿನ ಲೆಸ್ಸರ್ ಗಿಯೆಲ್‌ಜಿನ್ಸ್ಕಿ ಎಂಬ ವರ್ತಕ ಜೀವಮಾನವೆಲ್ಲ ಕೂಡಿಸಿದ ಯೆಹೂದಿ ಪೂಜಾ ವಸ್ತುಗಳನ್ನು 1904ರಲ್ಲಿ ಊರಿನ ದೊಡ್ಡ ಸಿನಗಾಗ್‌ಗೆ ಕೊಟ್ಟಿದ್ದ. 1938ರ ಕೊನೆಗೆ ಅಲ್ಲಿನ ಯೆಹೂದಿ ಸಮುದಾಯ ಇಡಿಯಾಗಿ ಊರು ಬಿಡುವ ನಿರ್ಧಾರಕ್ಕೆ ಬಂತು. ಸಿನಗಾಗ್ ಮೊದಲಾದ ಆಸ್ತಿ ಮಾರಿ, ಜನ ದೇಶಾಂತರ ಹೋಗುವ ಖರ್ಚಿಗೆ ಹಣ ಹೊಂದಿಸಿಕೊಂಡರು. ತಾಲ್ಮುದ್ ಹೇಳಿದ ಊರವರ ಸಮ್ಮುಖದ ಮಾರಾಟ ಎಂದರೆ ಇದೇ ಇರಬೇಕು. 1939ರ ಏಪ್ರಿಲ್‌ನಲ್ಲಿ ದೊಡ್ಡ ಸಿನಗಾಗ್‌ನಲ್ಲಿ ಕೊನೆಯ ಪ್ರಾರ್ಥನೆ ನಡೆಯಿತು. ಮೇ ತಿಂಗಳಲ್ಲಿ ಅದನ್ನು ಕೆಡವಲು ತೊಡಗಿದರು.

ತೋರಾದ ಕಿರೀಟ, ಫಲಕ, ರಿಮೋನಿಮ್, ದೀಪ, ಪರದೆಗಳನ್ನು ಮಾತ್ರ ಮಾರುಕಟ್ಟೆಗೆ ಬಿಡಲಿಲ್ಲ. ಅಮೆರಿಕದ ಯೆಹೂದಿ ಪರಿಹಾರ ಸಂಸ್ಥೆಯಾದ ಜಾಯಿಂಟ್ ಡಿಸ್ಟ್ರಿಬ್ಯೂಷನ್ ಕಮಿಟಿಯ ನೆರವಿನಿಂದ ಹತ್ತು ಪೆಟ್ಟಿಗೆಗಳಲ್ಲಿ ತುಂಬಿ, ಎರಡು ಟನ್ನಿಗೂ ಮೀರಿದ ತೂಕದ ಅಷ್ಟನ್ನೂ ನ್ಯೂಯಾರ್ಕಿನ ಜ್ಯೂಯಿಷ್ ಥಿಯಲಾಜಿಕಲ್ ಸೆಮಿನರಿಗೆ ಕಳಿಸಿದರು. 1939ರ ಜುಲೈ ಕೊನೆಗೆ ಪೆಟ್ಟಿಗೆಗಳು ತಲುಪಿದವು. ಐದು ವಾರ ಕಳೆದು, ಸೆಪ್ಟೆಂಬರ್ 1ರಂದು, ಎರಡನೆಯ ಮಹಾಯುದ್ಧದ ಮೊದಲ ಗುಂಡುಗಳು ಹಾರಿದ್ದು ಅದೇ ಡ್ಯಾನ್ಜಿಗ್‌ನ ಬಂದರಿನಲ್ಲಿ.

ಕಳಿಸುವಾಗ ಡ್ಯಾನ್ಜಿಗ್‌ನವರು ಷರತ್ತು ಬರೆದಿದ್ದರು. ಹದಿನೈದು ವರ್ಷಗಳ ನಂತರ ಡ್ಯಾನ್ಜಿಗ್‌ನಲ್ಲಿ ಯೆಹೂದಿಗಳು ಸುರಕ್ಷಿತವಾಗಿ, ಸ್ವತಂತ್ರವಾಗಿ ಬಾಳುತ್ತಿದ್ದರೆ ಇವನ್ನೆಲ್ಲ ಅವರಿಗೆ ಹಿಂದಿರುಗಿಸಬೇಕು. ಇಲ್ಲದಿದ್ದರೆ ಅಮೆರಿಕದಲ್ಲೇ ಉಳಿಸಿಕೊಂಡು ಜನರ ತಿಳಿವಳಿಕೆಗೆ, ಸ್ಫೂರ್ತಿಗೆ ಬಳಸಬೇಕು. ವಾರಸುದಾರರನ್ನು ಹೆಸರಿನಿಂದ ಗುರುತಿಸಲಿಲ್ಲ, ಮರಳಿ ಬರುವವರು ತಮ್ಮದೇ ಮಕ್ಕಳಾಗಿರಬೇಕೆಂದೂ ಕೇಳಲಿಲ್ಲ. ಆ ಊರಿನಲ್ಲಿ ಆಗ ಯಾರೇ ಯೆಹೂದಿಗಳಿರಲಿ, ನಿರ್ಭಯವಾಗಿದ್ದರೆ ಸಾಕು, ಬೆಳ್ಳಿ ಅವರದು. ನ್ಯೂಪೋರ್ಟಿನಲ್ಲಿ ಯಾರಿಗೂ ಹೊಳೆಯದ ವಾಕ್ಯ, ಊರು ಕೈಬಿಟ್ಟು ಹೋಗುತ್ತಿರುವಾಗ ಇವರಿಗೆ ಹೇಗೆ ಹೊಳೆಯಿತೋ.

1954ರಲ್ಲಿ ಗಡುವು ಮುಗಿಯಿತು. ಅಷ್ಟರಲ್ಲಿ ಊರು ಪೋಲೆಂಡಿಗೆ ಸೇರಿ ಗ್ದಾನ್ಸ್ಕ್ ಆಗಿತ್ತು. ಪೆಟ್ಟಿಗೆಗಳನ್ನು ಕಳಿಸಿದ ಸಮುದಾಯ ಅಲ್ಲಿ ಇರಲಿಲ್ಲ. ಸಾಮಾನು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿರುವ ಜ್ಯೂಯಿಷ್ ಮ್ಯೂಸಿಯಂನಲ್ಲಿ ಉಳಿಯಿತು. ಡ್ಯಾನ್ಜಿಗ್‌ನ ಸಂಗ್ರಹವೆಂದೇ ಅದನ್ನು ಇಂದಿಗೂ ಕರೆಯುತ್ತಾರೆ.